ಬೆನ್ನ ಹಿಂದಿನ ಕೈ

"ಗುರುಗಳೇ, ಏನೂ ಮಾಡದೆ ಸುಮ್ಮನೆ ನಿಂತವರಿಗೂ ನಾವು ಋಣಿಗಳೇ?" ಎಂದು ಕಲ್ಲಯ್ಯ ಕೇಳಿದ.

ಅವನ ಅಕ್ಕ ಗಂಗವ್ವ ಬೆಳಗಿನಿಂದ ಮಠದ ಜಗುಲಿಯಲ್ಲಿ ಕೂತಿದ್ದಳು. ಮಠ ಸೇರಿದ ತಮ್ಮನನ್ನು ನೋಡಲು ಬಂದವಳು. ಕಲ್ಲಯ್ಯ ಇನ್ನೂ ಹೊರಗೆ ಹೋಗಿರಲಿಲ್ಲ.

"ನಾನು ಮನೆ ಬಿಟ್ಟ ದಿನ ಅಕ್ಕ ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಸೆರಗಿನಲ್ಲಿ ಕೈ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಅಷ್ಟೇ. ಈಗ ಹೋಗಿ ಅವಳ ಕಾಲಿಗೆ ಬೀಳು ಎನ್ನುತ್ತಾರೆ ಎಲ್ಲರೂ. ಯಾತಕ್ಕೆ?"

"ಸಿಟ್ಟು ಜೋರಾಗಿಯೇ ಇದೆ. ಕೂತುಕೋ" ಎಂದ ಗುರುಗಳು ಕತೆ ಶುರುಮಾಡಿದರು.

ಒಬ್ಬ ರೇಡಿಯೋ ರಿಪೇರಿಯವನಿದ್ದ. ಅವನ ಹೆಂಡತಿಗೆ ಕಣ್ಣು ಮಂಜಾಗುತ್ತಾ ಬಂತು. ಗೋಡೆ ಗಡಿಯಾರದ ಮುಳ್ಳು ಕಾಣದಾಯಿತು. ಗಂಟೆ ಎಷ್ಟು ಎಂದು ಪದೇ ಪದೇ ಕೇಳಲು ಅವಳಿಗೆ ಸಂಕೋಚ. ಕೇಳದೆ ಸುಮ್ಮನಿರುವ ಅವಳನ್ನು ನೋಡಲು ಇವನಿಗೆ ಸಂಕಟ. ಬೆಳಕಿನ ಅಂಕಿಯ ಗಡಿಯಾರವನ್ನು ನಾನೇ ಮಾಡಿಕೊಡುತ್ತೇನೆ ಎಂದು ಹೊರಟ.

ಹಳೆಯ ಕಾಲದ ಒಂದು ಗಾಜಿನ ಕೊಳವೆ ಉಂಟು. ನಿಕ್ಸಿ ಎನ್ನುತ್ತಾರೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಸಣ್ಣ ತಂತಿಯ ರೂಪದಲ್ಲಿ ಅದರೊಳಗೆ ಒಂದರ ಹಿಂದೊಂದು ನಿಂತಿರುತ್ತವೆ. ಕರೆಂಟು ಯಾವ ಅಂಕಿಗೆ ಹೋಯಿತೋ ಅದು ಕೆಂಡದ ಹಾಗೆ ಹೊಳೆಯುತ್ತದೆ. ಆದರೆ ಅದಕ್ಕೆ ನೂರೆಂಬತ್ತು ವೋಲ್ಟ್ ಬೇಕು. ಹನ್ನೆರಡು ವೋಲ್ಟನ್ನು ಅಷ್ಟಕ್ಕೆ ಏರಿಸುವ ಒಂದು ತಗಡಿನ ಪೆಟ್ಟಿಗೆಯನ್ನೂ ಅವನು ಕೈಯಾರೆ ಕಟ್ಟಿದ. ಮೈಮರೆತರೆ ಹೃದಯ ನಿಂತುಹೋಗಲು ಅಷ್ಟು ಸಾಕು.

ಅದಕ್ಕೇ ಆ ಕಸುಬಿನವರಲ್ಲಿ ಒಂದು ಪದ್ಧತಿ. ಬಲಗೈ ಪೆಟ್ಟಿಗೆಯೊಳಗೆ ಹೋದರೆ ಎಡಗೈ ಬೆನ್ನ ಹಿಂದೆ. ಎರಡೂ ಕೈ ತಾಗಿದರೆ ಕರೆಂಟು ಈ ಕೈಯಿಂದ ಆ ಕೈಗೆ ಎದೆಯನ್ನು ಹಾದೇ ಹೋಗುತ್ತದೆ. ಇದನ್ನು ಹೆಂಡತಿಗೆ ಅವನೇ ಹೇಳಿದ್ದ. ಹೇಳಿ ಕೆಟ್ಟ! ಪೆಟ್ಟಿಗೆ ತೆರೆದ ಸದ್ದಾದರೆ ಸಾಕು, ಅವಳು ಕೂತಲ್ಲಿಂದಲೇ ಕೇಳುತ್ತಿದ್ದಳು: "ರೀ, ಎಡಗೈ ಎಲ್ಲಿದೆ?"

"ಬೆನ್ನ ಹಿಂದೇ ಇದೆ ಮಹಾರಾಯ್ತಿ" ಎಂದು ಇವನು ಗೊಣಗುತ್ತಿದ್ದ.

ಒಂಟಿ ಕೈಯಲ್ಲಿ ಕೆಲಸ ಅಂದರೆ ಸುಮ್ಮನೆಯೇ? ಸ್ಕ್ರೂ ಉರುಳುತ್ತಿತ್ತು, ತಂತಿ ಜಾರುತ್ತಿತ್ತು. ಈ ಎಡಗೈ ಇದ್ದೂ ದಂಡ ಎಂದು ಅವನು ತನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದ.

ಒಂದು ಸಂಜೆ ಕೆಲಸ ಮುಗಿಯುತ್ತಾ ಬಂತು. ಒಂದೇ ಒಂದು ತಂತಿ ಸಡಿಲವಿತ್ತು. ಪ್ಲಗ್ ಕಿತ್ತ. ಕಿತ್ತ ಮೇಲೆ ಇನ್ನೇನು ಭಯ ಎಂದುಕೊಂಡ. ಪ್ಲಗ್ ಕಿತ್ತರೂ ಪೆಟ್ಟಿಗೆಯೊಳಗಿನ ಕೆಪಾಸಿಟರು ಸ್ವಲ್ಪ ಹೊತ್ತು ಕರೆಂಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ. ಅವನಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವಸರದಲ್ಲಿ ಬುದ್ಧಿ ಕೈಕೊಟ್ಟಿತು. ತಗಡನ್ನು ಅಲ್ಲಾಡದಂತೆ ಹಿಡಿಯಲು ಎಡಗೈಯನ್ನೂ ಮುಂದೆ ತಂದ.

"ರೀ, ಎಡಗೈ ಎಲ್ಲಿದೆ?"

ಕಣ್ಣು ಸರಿಯಾಗಿ ಕಾಣದವಳಿಗೆ ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ. ಕೈಯನ್ನು ಹಿಂದಕ್ಕೆ ಇಟ್ಟು, ಆಮೇಲೆ "ಬೆನ್ನ ಹಿಂದೆ" ಎಂದ. ಬಲಗೈ ಹಾಕಿದ.

ಫಟ್ ಎಂದಿತು. ಕರೆಂಟು ಬೆರಳಲ್ಲಿ ಹೊಕ್ಕು, ತಗಡಿಗೆ ತಾಗಿದ್ದ ಅದೇ ಕೈಯ ಮಣಿಕಟ್ಟಿನಲ್ಲಿ ಇಳಿದುಹೋಯಿತು. ಬೆರಳ ತುದಿ ಸುಟ್ಟಿತು. ಎದೆ ಡವಗುಟ್ಟುತ್ತಿತ್ತು, ನಿಂತಿರಲಿಲ್ಲ.

ಸುಧಾರಿಸಿಕೊಂಡು ತಂತಿ ಬಿಗಿದು ಪ್ಲಗ್ ಹಾಕಿದ. ಅಂಕಿಗಳು ಹೊತ್ತಿಕೊಂಡವು. ಹೆಂಡತಿ ಮುಖ ಹತ್ತಿರ ತಂದು ನೋಡಿದಳು.

"ಏಳು ಹದಿನಾಲ್ಕು! ಅಯ್ಯೋ, ನನಗೇ ಕಾಣಿಸ್ತಿದೆ ರೀ" ಎಂದು ನಕ್ಕಳು.

ಈ ನಗು ಕೇಳಲು ತಾನು ಉಳಿದೆನಲ್ಲ ಎಂದು ಅವನಿಗೆ ಕಣ್ಣು ತುಂಬಿ ಬಂತು. ಹೆಂಡತಿಯ ಕೈ ಹಿಡಿದು, "ನೀನು ಕೇಳಿದ್ದು ಒಳ್ಳೆಯದಾಯಿತು" ಎಂದ. ಆಮೇಲೆ ಸುಟ್ಟ ಬಲಗೈಯಿಂದ ತನ್ನ ಎಡಗೈಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಕಲ್ಲಯ್ಯನಿಗೆ ಸಮಾಧಾನವಾಗಲಿಲ್ಲ.

"ಆ ಕೈ ಸುಮ್ಮನಿದ್ದದ್ದರಿಂದ ಜೀವ ಉಳಿಯಿತು, ಸರಿ. ಅಕ್ಕ ಸುಮ್ಮನಿದ್ದದ್ದರಿಂದ ನನಗೇನು ಸಿಕ್ಕಿತು?" ಎಂದ.

ಗುರುಗಳು ಜಗುಲಿಯ ಕಡೆ ನೋಡುತ್ತಾ ಹೇಳಿದರು: "ಸೆರಗಿನಲ್ಲಿ ಸುತ್ತಿಕೊಳ್ಳದೆ ಹೋಗಿದ್ದರೆ ಆ ಕೈ ನಿನ್ನನ್ನು ಹಿಡಿದುಕೊಂಡುಬಿಡುತ್ತಿತ್ತು, ಮಗು."