ಎಂಟರಾಚೆ ಹೊಡೆಯದ ಗಡಿಯಾರ

ಒಂದಾನೊಂದು ಊರಿನಲ್ಲಿ, ಕಡಲು ಅಂಗಳದವರೆಗೂ ಬಂದು ಇಣುಕಿ ಹೋಗುವ ಊರದು, ಗಜಕರ್ಣರಾಯ ಅಂತ ಒಬ್ಬ ರಾಜ. ಅವನ ಅಡುಗೆಯವಳು ಮಂಕಾಳಕ್ಕ. ಗಡಿಯಾರ ಎಂಟು ಹೊಡೆದರೆ ರಾಜನಿಗೆ ದೋಸೆ. ಒಂಬತ್ತು ಹೊಡೆದರೆ ಮಂಕಾಳಕ್ಕ ಮನೆಗೆ. ಅಜ್ಜನ ಕಾಲದ ಕಟ್ಟಳೆ, ಮುರಿಯುವ ಹಾಗಿಲ್ಲ.

ಒಂದು ದಿನ ಮೀನಿನ ಬಲೆಗೆ ಮುಳುಗಿದ ಹಡಗಿನ ಗಡಿಯಾರ ಬಿತ್ತು. ಕಮ್ಮಾರ ಚಿಪ್ಪು ಕೆರೆದ, ಹುಣಸೆಹಣ್ಣು ಹಾಕಿ ಹಿತ್ತಾಳೆ ತಿಕ್ಕಿದ, ಚಕ್ರಕ್ಕೆ ತೆಂಗಿನೆಣ್ಣೆ ಬಿಟ್ಟ. ಗಡಿಯಾರ ಕೆಮ್ಮಿ, ಒಂದು ಏಡಿ ಉಗಿದು, ಢಣ್ ಅಂದಿತು.

"ಇನ್ನು ಊರಿಗೆಲ್ಲ ಇದೇ ಗಡಿಯಾರ!" ಅಂದ ರಾಜ. ಹಳೆಯದನ್ನು ಕಡಲಿಗೆ ಎಸೆಯಿಸಿದ. ಪಾಪ, ಕಡಲಿಗೆ ಹೊತ್ತು ಗೊತ್ತಾಗಬೇಡವೇ?

ಅರ್ಧ ಗಂಟೆಗೊಂದು ಏಟು ಹೆಚ್ಚುತ್ತಾ ಎಂಟು ಹೊಡೆಯಿತು. ಮಂಕಾಳಕ್ಕ ದೋಸೆ ಹುಯ್ದಳು, ಕಾವಲಿ ತೊಳೆದಳು, ಒಂಬತ್ತಕ್ಕೆ ಕಾದಳು. ಢಣ್. ಒಂದೇ!

"ಅಯ್ಯೋ, ಒಂಬತ್ತೆಲ್ಲಿ ಹೋಯ್ತು?"

ಮತ್ತೆ ಎಂಟು, ಮತ್ತೆ ದೋಸೆ. ಮತ್ತೆ ಒಂದು. ಹೀಗೇ ಮೂರು ದಿನ. ರಾಜನಿಗೆ ಹಸಿವಿಲ್ಲ, ಆದರೂ ಎಂಟಾಯಿತಲ್ಲ, ತಿಂದ. ಮಂಕಾಳಕ್ಕ ತೂಕಡಿಸುತ್ತಾ ಹಿಟ್ಟನ್ನು ಬೆಕ್ಕಿನ ಮೇಲೆ ಹುಯ್ದಳು. ಬೆಕ್ಕು ಬೈಯಲಿಲ್ಲ, ಅದಕ್ಕೂ ಸಾಕುಸಾಕಾಗಿತ್ತು.

"ನಿನ್ನ ದಮ್ಮಯ್ಯ, ಒಂದೇ ಒಂದು ಸಲ ಒಂಬತ್ತು ಹೊಡಿಯಪ್ಪಾ. ಚಾಪೆಯ ಮುಖ ನೋಡಿ ಮೂರು ದಿನ ಆಯ್ತು," ಅಂತ ಗಡಿಯಾರಕ್ಕೆ ಕೈಮುಗಿದಳು.

"ನಾನು ಹಡಗಿನವನು ಕಣಕ್ಕಾ. ನಮ್ಮಲ್ಲಿ ಎಂಟೇ ಕೊನೆ," ಅಂದಿತು ಗಡಿಯಾರ. "ಎಂಟು ಹೊಡೆದರೆ ಪಾಳಿ ಬದಲು. ದುಡಿದವನು ಮಲಗಬೇಕು, ಕೂತವನು ದುಡೀಬೇಕು."

"ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?"

"ಯಾರು ಕೇಳಿದ್ರು?"

ಮುಂದಿನ ಎಂಟಕ್ಕೆ ರಾಜ ಎಲೆಯ ಮುಂದೆ ಕೂತಿದ್ದ. ಮಂಕಾಳಕ್ಕ ಅವನ ಕೈಗೆ ಸಟ್ಟುಗ ಕೊಟ್ಟಳು. "ಎಂಟಾಯ್ತು ಮಾರಾಯ್ರೇ, ಇನ್ನು ನಿಮ್ಮ ಪಾಳಿ."

ರಾಜ ಗಡಿಯಾರದ ಮುಖ ನೋಡಿದ. ಗಡಿಯಾರ ಹೌದೆಂದು ತಲೆಯಾಡಿಸಿತು. ಅವನೇ ಊರಿಗೆಲ್ಲ ಸಾರಿದ ಗಡಿಯಾರ, ಇಲ್ಲ ಅನ್ನುವುದು ಹೇಗೆ?

ಮಂಕಾಳಕ್ಕ ಮನೆಗೆ ಹೋದಳು. ಚಾಪೆ ಬಿಡಿಸಿದಳು. ಕಾಲು ಚಾಚಿದಳು. ಅಬ್ಬಾ, ಏನು ನಿದ್ದೆ! ಹಾಗೆ ಕಣ್ಣು ಮುಚ್ಚಿ ಹೀಗೆ ತೆರೆಯುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಹೊರಗೆ ರಾಜ. ಮೀಸೆಗೆ ಹಿಟ್ಟು, ಬೆರಳಿಗೆ ಬೊಬ್ಬೆ, ಕೈಯಲ್ಲಿ ಸಟ್ಟುಗ.

"ಎಂಟಾಯ್ತು ಕಣೇ ಮಂಕಾಳಿ," ಅಂದ. ಅವಳು ಸಟ್ಟುಗ ಇಸಿದುಕೊಳ್ಳುವ ಮೊದಲೇ ಅವಳ ಚಾಪೆಯ ಮೇಲೆ ಬಿದ್ದು ಗೊರಕೆ ಹೊಡೆದ. ಮಂಕಾಳಕ್ಕ ಅವನಿಗೆ ಕಂಬಳಿ ಹೊದಿಸಿ, ಆಕಳಿಸುತ್ತಾ ಅರಮನೆಯ ದಾರಿ ಹಿಡಿದಳು.

ಕತೆಯ ನೀತಿ ಏನೆಂದರೆ, ಗಡಿಯಾರ ತರುವಾಗ ಒಂಬತ್ತರವರೆಗೂ ಹೊಡೆಸಿ ನೋಡಿ ತನ್ನಿ. ನನಗೂ ಸಾಕಾಗಿದೆ. ಕತೆಗೆ ಒಂಬತ್ತು ಹೊಡೆಯಿತು ಅಂದುಕೊಂಡು ಏಳಿ, ಮನೆಗೆ ಹೋಗಿ.