ದುಭಾಷಿ ತಂದ ಬಿರುದು

“ಇಂಗ್ಲಿಷ್-ಕನ್ನಡ ನಿಘಂಟನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಮೂರು ಸಲ ಓದಿ ಮುಗಿಸಿದ್ದೇನೆ, ಮಹಾಸ್ವಾಮಿ! ಅದನ್ನು ಕೊಟ್ಟು ಹೋದ ಪಾದ್ರಿಗೂ ಅಷ್ಟು ಬರೋದಿಲ್ಲ.”

ಮೂಡಲಕೋಟೆಯ ದರ್ಬಾರಿನಲ್ಲಿ ಹೀಗೆ ಮೀಸೆ ತಿರುವಿದವನು ದುಭಾಷಿ ವರದಯ್ಯ. ಅರಸ ಚನ್ನವೀರ ನಾಯಕನಿಗೆ ಅವನೊಂದು ಹೊಸ ಬಿರುದು ತಂದಿದ್ದ: ‘ಕ್ವಿಸ್ಕ್ವಿಲಿಯಸ್’.

“ಹಾಗಂದ್ರೆ?”

“ಸೂರ್ಯನಂತೆ ಹೊಳೆಯುವವನು ಅಂತ. ಹೋದ ವರ್ಷ ಪಾದ್ರಿ ತಮ್ಮ ದರ್ಬಾರನ್ನು ಕಣ್ತುಂಬ ನೋಡಿ ಅಂದ ಮಾತೇ ಇದು. ಎಷ್ಟು ಅಪರೂಪದ್ದು ಅಂದ್ರೆ, ಈಗ ಇಂಗ್ಲಿಷಿನವರ ಬಾಯಲ್ಲೂ ಕೇಳಿಸೋದಿಲ್ಲ.”

ಅರಸ ಉಬ್ಬಿಹೋದ. ಕೋಟೆ ಬಾಗಿಲ ಮೇಲೆ ಕೆತ್ತಿಸಲು ಹೇಳಿ, “ಏನು ಬೇಕೋ ಕೇಳು” ಎಂದ.

“ಪುಸ್ತಕದ ಕೋಣೆಯ ಬೀಗದ ಕೈ. ಅಲ್ಲಿ ಕಸ ಗುಡಿಸುವ ಗಿರಿಯವ್ವ ಪುಸ್ತಕ ಬಿಚ್ಚಿಕೊಂಡು ಕೂರ್ತಾಳೆ. ಅವಳನ್ನು ಓಡಿಸಬೇಕು.”

ಬಾಗಿಲ ಬಳಿ ನಿಂತಿದ್ದ ಗಿರಿಯವ್ವ ಇದನ್ನು ಕೇಳಿಸಿಕೊಂಡಳು. ಯಾರ ಹಂಗೂ ಇಲ್ಲದೆ, ಧೂಳು ಒರೆಸುತ್ತ ಒರೆಸುತ್ತಲೇ ಕನ್ನಡ, ಇಂಗ್ಲಿಷ್ ಎರಡರ ಅಕ್ಷರಗಳನ್ನೂ ಕಲಿತವಳು ಅವಳು. ಆ ಕೋಣೆ ಹೋದರೆ ಉಳಿಯುವುದು ಪೊರಕೆ ಮಾತ್ರ. ಆದರೂ ಅವಳು ಕಾಲಿಗೆ ಬೀಳಲಿಲ್ಲ. ನಿಘಂಟನ್ನು ಹೊತ್ತು ತಂದು ವರದಯ್ಯನ ಮುಂದಿಟ್ಟಳು.

“ಅಯ್ಯನೋರೇ, ಆ ಪದ ಎಲ್ಲಿದೆ, ಸ್ವಲ್ಪ ತೆಗೆದು ತೋರಿಸಿ.”

“ಕಸ ಗುಡಿಸೋಳಿಗೆ ನಾನು ತೋರಿಸಬೇಕೇನೇ?”

“ನನಗೆ ತೋರಿಸು” ಎಂದ ಅರಸ.

ವರದಯ್ಯ ಹಾಳೆ ಬಿಡಿಸಲು ಹೋದ. ಬರಲಿಲ್ಲ. ಉಗುರು ಹಾಕಿದ, ಊದಿದ, ಬೆವರಿದ.

“ಇಂಗ್ಲಿಷಿನವರ ಸೀಮೆಯ ಪುಸ್ತಕ, ಮಹಾಸ್ವಾಮಿ” ಎಂದಳು ಗಿರಿಯವ್ವ. “ಹಾಳೆಗಳ ಅಂಚು ಕೂಡಿಕೊಂಡೇ ಬರ್ತದೆ. ಓದುವವರು ಚಾಕುವಿನಿಂದ ಸೀಳಿಕೊಳ್ಳಬೇಕು. ಪಾದ್ರಿ ಮೊದಲ ಹತ್ತು ಹಾಳೆ ಸೀಳಿ ತೋರಿಸಿದ್ದ. ಅದರಾಚೆಗೆ ಯಾರ ಕೈಯೂ ಆಡಿಲ್ಲ. ಅಯ್ಯನೋರು ಮೂರು ಸಲ ಓದಿದ್ದು ಹೊರಗಿನ ರಟ್ಟನ್ನೇ ಇರಬೇಕು.”

ಅರಸ ತನ್ನ ಚಾಕು ಕೊಟ್ಟ. ಅವಳು ಹಾಳೆ ಸೀಳಿ, ಹುಡುಕಿ, ಬೆರಳಿಟ್ಟಳು. ಅಲ್ಲಿದ್ದ ಅರ್ಥವನ್ನು ಅರಸನೇ ಗಟ್ಟಿಯಾಗಿ ಓದಿದ.

“ಕ್ವಿಸ್ಕ್ವಿಲಿಯಸ್: ಕಸದಂಥ, ಕೆಲಸಕ್ಕೆ ಬಾರದ. ಗುಡಿಸಿ ಹಾಕಿದ ಕಸಕ್ಕೆ ಲ್ಯಾಟಿನ್ ನುಡಿಯಲ್ಲಿದ್ದ ಮಾತಿನಿಂದ ಹುಟ್ಟಿದ್ದು. ಈಗ ಬಳಕೆಯಲ್ಲಿಲ್ಲ.”

ಓದುತ್ತ ಓದುತ್ತ ಅವನ ದನಿ ಇಳಿದುಹೋಯಿತು. “ನನ್ನ ದರ್ಬಾರನ್ನು ನೋಡಿ ಪಾದ್ರಿ ಹೀಗಂದನೇ?”

“ಪಾದ್ರಿ ಹಾಗಂದಾಗ ನಾನೂ ಇಲ್ಲೇ ಗುಡಿಸ್ತಾ ಇದ್ದೆ. ಆಗ ಅವನ ಮುಂದೆ ನಿಂತು ಮಾತಾಡ್ತಾ ಇದ್ದವರು ಅಯ್ಯನೋರು, ಮಹಾಸ್ವಾಮಿ.”

ಅರಸನಿಗೆ ನಗು ತಡೆಯಲಾಗಲಿಲ್ಲ. “ಈ ಪದದ ಅರ್ಥ ನಿನಗೆ ಮೊದಲೇ ಗೊತ್ತಿತ್ತೇ?”

“ಪದದ್ದು ಗೊತ್ತಿರಲಿಲ್ಲ. ಆದ್ರೆ ಹುಟ್ಟಿದಾಗಿನಿಂದ ಗುಡಿಸಿದವಳು ನಾನು. ಕಸ ಎದುರಿಗೇ ನಿಂತು ಮಾತಾಡಿದ್ರೆ ಗುರುತು ಸಿಗೋದಿಲ್ವೇ?”

ಬೀಗದ ಕೈ ಗಿರಿಯವ್ವನ ಸೊಂಟ ಸೇರಿತು. ಚಾಕುವನ್ನು ಅವಳು ಹಿಂದಿರುಗಿಸಲೇ ಇಲ್ಲ; ಸೀಳಬೇಕಾದ ಹಾಳೆಗಳು ಇನ್ನೂ ಬಹಳ ಇದ್ದವು.