ಮೀನಿಲ್ಲದ ತೊಟ್ಟಿಗೆ ಊಟ ಹಾಕಿದವಳು

ಅರಸೀಕೆರೇಲಿ ಹಿಟ್ಟಿನ ಮಿಲ್ಲು ನಡೆಸೋ ವಿಶಾಲಾಕ್ಷಿ ಅಂತ ಒಬ್ಬಳಿದ್ಲು. ದಿನಾ ಬೆಳಿಗ್ಗೆ ಮಿಲ್ಲು ಶುರು ಮಾಡೋಕೆ ಮುಂಚೆ ಅವಳು ಒಂದು ಕೆಲಸ ಮಾಡ್ತಿದ್ಲು. ಅದನ್ನ ನೋಡಿ ಇಡೀ ಬೀದಿ ನಗ್ತಿತ್ತು.

ಏನು ಕೆಲಸ ಗೊತ್ತಾ? ಮಿಲ್ಲಿನ ಹಿಂದೇನೇ ಅವಳ ಮನೆ. ನಡುಮನೇಲಿ ಒಂದು ಗಾಜಿನ ತೊಟ್ಟಿ. ದೊಡ್ಡೋರೊಬ್ಬರು ಕಾಲು ಚಾಚಿ ಮಲಗಬಹುದು, ಅಷ್ಟು ಉದ್ದ. ತಳದಲ್ಲಿ ನುಣ್ಣನೆ ಮರಳು, ಮೇಲೆ ತುಂಬ ನೀರು, ಪಕ್ಕದಲ್ಲಿ ಗುರ್ ಅಂತ ಓಡೋ ಫಿಲ್ಟರ್ರು. ಎಲ್ಲಾ ಇದೆ, ಮೀನು ಮಾತ್ರ ಇಲ್ಲ. ಒಂದೂ ಇಲ್ಲ. ಆ ಖಾಲಿ ನೀರಿಗೆ ಇವಳು ದಿನಾ ಒಂದು ಚಿಟಿಕೆ ಮೀನಿನ ಊಟ ಉದುರಿಸ್ತಾಳೆ, ಉದುರಿಸಿ ನಿಂತು ನೋಡ್ತಾಳೆ.

ರಾಗಿ ಬೀಸಿಸೋಕೆ ಬಂದ ಹೆಂಗಸರು ಬಾಗಿಲಿಂದ ಇಣುಕಿ ಇಣುಕಿ ನೋಡೋರು. ಒಬ್ಬಾಕೆ ಅಂತೂ ಬೇಕಂತಲೇ ಕೇಳೋ ಹಾಗೆ ಹೇಳಿದ್ಲು: "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋರನ್ನ ನೋಡಿದೀನಿ ಕಣೆ. ಇವಳು ಕೂಸು ಹುಟ್ಟೋಕೆ ಮುಂಚೆ ತುತ್ತೇ ಇಡ್ತಾವ್ಳೆ."

ವಿಶಾಲಾಕ್ಷಿ ತನ್ನ ಪಾಡಿಗೆ ಊಟ ಉದುರಿಸ್ತಾನೇ ಇದ್ಲು. ಯಾಕೆ ಅಂದ್ರೆ ಅವಳು ಒಂದು ಸಲ ಕುಲಾವಿ ಇಲ್ಲದೆ ಕೂಸು ತಂದು ಕಳಕೊಂಡಿದ್ಲು.

ಅದು ಹಿಂದಿನ ವರ್ಷದ ಮಾತು. ಎಲ್ಲೋ ಒಂದು ವಸ್ತುಪ್ರದರ್ಶನದಲ್ಲಿ ಅವಳು ಸ್ಟಿಂಗ್‌ರೇ ನೋಡಿದ್ಲು. ಕರಾವಳಿಯವರು ಸಮುದ್ರದ ಮೀನೊಂದಕ್ಕೆ ತೊರಕೆ ಅಂತಾರಲ್ಲ, ಅದರ ಸಿಹಿನೀರಿನ ನೆಂಟ ಇದು. ರೊಟ್ಟಿ ಥರ ದುಂಡಗೆ, ಚಪ್ಪಟೆ. ಮೈ ತುಂಬ ಚುಕ್ಕಿ. ಬಾಲದಲ್ಲಿ ಒಂದು ಮುಳ್ಳು. ಈಜುವಾಗ ಮೈಯಂಚು ಸೀರೆ ನೆರಿಗೆ ಥರ ಅಲೆಅಲೆಯಾಗಿ ಏಳತ್ತೆ, ಬೀಳತ್ತೆ. ವಿಶಾಲಾಕ್ಷಿಗೆ ಊಟ ತಿಂಡಿ ಮರೆತುಹೋಯ್ತು. ತಕ್ಷಣ ಒಂದು ಮರಿ ತಂದ್ಲು, ತೊಟ್ಟಿ ತಂದ್ಲು, ನಲ್ಲಿ ನೀರು ತುಂಬಿದ್ಲು, ಬಿಟ್ಟೇಬಿಟ್ಲು. ಎಲ್ಲಾ ಒಂದೇ ದಿನ. ಐದು ದಿನ ಅವಳ ಕಾಲು ನೆಲದ ಮೇಲೆ ಇರ್ಲಿಲ್ಲ. ಆರನೇ ದಿನ ಮರಿ ಮೈಯಂಚು ಹಪ್ಪಳ ಸುರುಟಿಕೊಳ್ಳೋ ಹಾಗೆ ಮೇಲಕ್ಕೆ ಸುರುಟಿಕೊಳ್ತು. ಸಂಜೆ ಹೊತ್ತಿಗೆ ಸತ್ತುಹೋಯ್ತು. ನೀರು ಮಾತ್ರ ಕನ್ನಡಿ ಥರ ಇತ್ತು.

ಹಿತ್ತಲ ನುಗ್ಗೆ ಮರದ ಬುಡದಲ್ಲಿ ಅದನ್ನ ಮಣ್ಣು ಮಾಡಿ ಬಂದೋಳು ಒಂದು ಹಠ ಹಿಡಿದ್ಲು. ಇನ್ನೊಂದು ಮರಿ ತಂದೇ ತರ್ತೀನಿ, ಆದ್ರೆ ಯಾಕೆ ಸತ್ತಿತು ಅಂತ ತಿಳ್ಕೊಳ್ಳದೆ ತರಲ್ಲ ಅಂತ.

ತಿಳ್ಕೊಳ್ಳೋಕೆ ಹೋಗಿದ್ದು ಗೌಸ್ ಮಾಸ್ಟರ್ ಹತ್ರ. ಮಾಸ್ಟರ್ ಅಂದ್ರೆ ಶಾಲೆ ಮೇಷ್ಟ್ರಲ್ಲ, ಟೈಲರ್ ಮಾಸ್ಟರ್. ಮುಂದುಗಡೆ ಹೊಲಿಗೆ ಅಂಗಡಿ, ಹಿಂದುಗಡೆ ಸಾಲಾಗಿ ಮೀನಿನ ತೊಟ್ಟಿ. ಸುತ್ತ ಎಲ್ಲಾ ಊರಲ್ಲಿ ಸ್ಟಿಂಗ್‌ರೇ ಮರಿ ಮಾಡಿಸಿದೋರು ಅವರೊಬ್ಬರೇ. ಈ ಮೀನು ಮೊಟ್ಟೆ ಇಡಲ್ಲ ಗೊತ್ತಾ, ಮರೀನೇ ಹಾಕತ್ತೆ. ಆಗ ತಾನೇ ಅವರ ತಾಯಿ ಮೀನು ನಾಲ್ಕು ಮರಿ ಹಾಕಿತ್ತು. ಮೂರು ಬೇರೆಯವರಿಗೆ ಮಾತಾಗಿತ್ತು. ಉಳಿದಿದ್ದು ಒಂದೇ.

ಮಾಸ್ಟರ್ ಕತ್ತಲ್ಲಿ ಟೇಪು ನೇತಾಡಿಸ್ಕೊಂಡೇ ಎಲ್ಲಾ ಬಿಡಿಸಿ ಹೇಳಿದ್ರು. ಮೀನು ತಿನ್ನತ್ತೆ, ಗಲೀಜು ಮಾಡತ್ತೆ. ಆ ಗಲೀಜು ನೀರಲ್ಲಿ ವಿಷ ಆಗತ್ತೆ, ಕಣ್ಣಿಗೆ ಕಾಣಲ್ಲ. ಫಿಲ್ಟರ್ ಒಳಗಿನ ಸ್ಪಾಂಜಲ್ಲಿ ಕಣ್ಣಿಗೆ ಕಾಣದ ಜೀವಗಳು ಮನೆ ಮಾಡ್ಕೊಂಡ್ರೆ ಅವು ಆ ವಿಷ ತಿಂದು ನೀರು ಉಳಿಸ್ತವೆ. ಆದ್ರೆ ಅವು ಕರೆದ ತಕ್ಷಣ ಬರಲ್ಲ. ವಾರಗಟ್ಟಲೆ ಬೇಕು. ಅಲ್ಲಿವರೆಗೂ ಅವಕ್ಕೆ ಹೊಟ್ಟೆಗೆ ಬೇಕು, ಅದಕ್ಕೇ ಖಾಲಿ ತೊಟ್ಟಿಗೆ ದಿನಾ ಊಟ ಹಾಕ್ಬೇಕು. ಹಾಕಿದ್ದು ಕೊಳೀಬೇಕು, ವಿಷ ಆಗ್ಬೇಕು, ಆ ವಿಷ ತಿನ್ನೋರು ಬೆಳೀಬೇಕು.

"ನೀರು ಹಣ್ಣಾಗ್ಬೇಕಮ್ಮ," ಅಂದ್ರು ಮಾಸ್ಟರ್. "ಬೇರೆ ಮೀನಿಗೆ ಮೈಮೇಲೆ ಚಿಪ್ಪಿನ ಕವಚ ಇದೆ. ಇದು ಬರೀ ಮೈ ಕೂಸು. ನಾನು ಟೈಲರ್, ನನ್ನ ಕೇಳು. ಇಂಥಾ ಕೂಸಿಗೆ ಕುಲಾವಿ ಮೊದಲೇ ಹೊಲೀಬೇಕು. ಬಂದ ಮೇಲೆ ಅಳತೆ ತಗೊಂಡ್ರೆ ಅದು ಉಳಿಯಲ್ಲ."

ಒಂದು ಪುಟಾಣಿ ಗಾಜಿನ ಕೊಳವೆ, ಒಂದು ಔಷಧಿ ಬಾಟ್ಲು ಕೊಟ್ರು. ಕೊಳವೇಲಿ ತೊಟ್ಟಿ ನೀರು ಹಿಡಿದು, ಅದಕ್ಕೆ ಈ ಹನಿ ಬಿಡ್ಬೇಕು. ಹಸಿರಾದ್ರೆ ವಿಷ, ಹಳದಿಯಾಗೇ ನಿಂತ್ರೆ ಕ್ಷೇಮ. ದಿನಾ ಊಟ ಹಾಕಿದ್ರೂ ದಿನಾ ಹಳದಿ ಬರಬೇಕು. ಕೊನೇಗೆ ಹೇಳಿದ್ರು: ಈ ಮರಿಗೆ ನೀನೊಬ್ಬಳೇ ಅಲ್ಲ, ಹಾರ್ಡ್‌ವೇರ್ ಅಂಗಡಿ ಜಗನ್ನಾಥನೂ ಕಾಯ್ತಿದಾನೆ. ಇಬ್ಬರೂ ವಿಜಯದಶಮಿ ಬೆಳಿಗ್ಗೆ ನೀರು ತಗೊಂಡು ಬನ್ನಿ, ನೋಡಿ ಕೊಡ್ತೀನಿ.

ಒಳ್ಳೆ ದಿನ ನೋಡೇ ಹೇಳಿದಾರೆ, ಎಷ್ಟು ಒಳ್ಳೆಯೋರು, ಅಂದ್ಕೊಂಡ್ಲು ವಿಶಾಲಾಕ್ಷಿ.

ಅವತ್ತಿಂದ ಶುರು. ಒಂದು ವಾರ, ಹಸಿರು. ಎರಡು ವಾರ, ಗಿಳಿ ಹಸಿರು. ಮೂರನೇ ವಾರ ನೀರು ಬಗ್ಗಡ ಆಗಿ ಮನೆ ತುಂಬ ಮುಗ್ಗಲು ವಾಸನೆ. ಅತ್ತೆ ಹೊನ್ನಮ್ಮ ಸೆರಗಲ್ಲಿ ಮೂಗು ಮುಚ್ಕೊಂಡೇ ಓಡಾಡಿದ್ರು. ಐದನೇ ವಾರ ಹಸಿರು ತೆಳ್ಳಗಾಯ್ತು. ಏಳನೇ ವಾರದ ಒಂದು ಬೆಳಿಗ್ಗೆ ಕೊಳವೇಲಿ ಹಳದಿ. ಮಾರನೇ ದಿನ ಹಳದಿ. ಮತ್ತೂ ಹಳದಿ. ವಿಶಾಲಾಕ್ಷಿ ಕೊಳವೆ ಹಿಡ್ಕೊಂಡು ಮಿಲ್ಲಿಗೆ ಓಡಿಬಂದು ರಾಗಿ ಚೀಲದ ಮೇಲೆ ಕೂತಿದ್ದೋರಿಗೆಲ್ಲ ತೋರಿಸಿದ್ಲು. ಅವರಿಗೇನೂ ಅರ್ಥ ಆಗ್ಲಿಲ್ಲ, ಆದ್ರೂ ಚೆನ್ನಾಗಿದೆ ಅಂದ್ರು.

ಬಂತು ನೋಡಿ ಆಯುಧ ಪೂಜೆ. ಅವತ್ತು ಮಿಲ್ಲು ಇರೋ ಮನೇಲಿ ಹೇಗಿರತ್ತೆ ಹೇಳಿ. ಮಿಲ್ಲಿನ ಕಲ್ಲು, ಮೋಟ್ರು, ತಕ್ಕಡಿ, ಸೈಕಲ್ಲು, ಈಳಿಗೆ ಮಣೆ ಎಲ್ಲಾ ತೊಳೀಬೇಕು, ಕುಂಕುಮ ಇಡಬೇಕು. ವಿಶಾಲಾಕ್ಷಿ ಬೂದುಗುಂಬಳ, ಬಾಳೆಕಂದು ತರೋಕೆ ಪೇಟೆಗೆ ಹೋದ್ಲು. ಮನೇಲಿ ಹೊನ್ನಮ್ಮ ಒಬ್ಬರೇ. ಅವರ ಕಣ್ಣು ಫಿಲ್ಟರ್ ಮೇಲೆ ಬಿತ್ತು. ನಾಳೆ ಸೊಸೆ ಕೂಸು ತರ್ತಾಳೆ, ಹೋದ ಸಲದ್ದು ಸತ್ತಾಗ ಎಷ್ಟು ಅತ್ತಿದ್ಲು, ಈ ಸಲ ನಾನೂ ಒಂದು ಕೈ ಹಚ್ತೀನಿ ಅಂದ್ಕೊಂಡು ಸ್ವಿಚ್ ಆರಿಸಿ ಮುಚ್ಚಳ ತೆಗೆದ್ರು. ಒಳಗೆ ಸ್ಪಾಂಜು ನೋಡಿದ್ರೆ ಕಂದುಬಣ್ಣ, ಲೋಳೆ ಲೋಳೆ. ಥೂ, ಇಷ್ಟು ಗಲೀಜಲ್ಲಿ ಕೂಸು ಬದುಕತ್ತಾ? ಹಂಡೇಲಿ ಕುದೀತಿದ್ದ ನೀರು ಮೊಗೆದು ಮೂರು ಸಲ ತೊಳೆದ್ರು. ತಾರಸಿ ಮೇಲೆ ಬಿಸಿಲಿಗೆ ಒಣಗಿಸಿದ್ರು. ವಾಪಸ್ ಹಾಕಿ, ಡಬ್ಬಿಗೆ ಮೂರೆಳೆ ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದ್ರು.

ವಿಶಾಲಾಕ್ಷಿ ಬಂದು ನೋಡಿದ್ಲು. ಕೈಲಿದ್ದ ಬೂದುಗುಂಬಳ ಹಾಗೇ ನೆಲಕ್ಕಿಟ್ಲು. ಮುಚ್ಚಳ ತೆಗೆದ್ರೆ ಸ್ಪಾಂಜು ಮಲ್ಲಿಗೆ ಇಡ್ಲಿ ಥರ ಬೆಳ್ಳಗೆ. ಏಳು ವಾರ ಸಾಕಿದ ಜೀವ ಅಷ್ಟೂ ಬಚ್ಚಲ ಮೋರೀಲಿ ಹರಿದು ಹೋಗಿತ್ತು. ಬಾಯಿಗೆ ಏನೇನೋ ಬಂತು. ಅಷ್ಟರಲ್ಲಿ ಅತ್ತೆ ಬೆರಳು ಕಣ್ಣಿಗೆ ಬಿತ್ತು. ಬಿಸಿನೀರಿಗೆ ಸುಟ್ಟು ಕೆಂಪಗಾಗಿದ್ವು. ವಿಶಾಲಾಕ್ಷಿ ಕೊಬ್ರಿ ಎಣ್ಣೆ ತಂದು ಆ ಬೆರಳಿಗೆ ಹಚ್ಚಿದ್ಲು.

ವಿಜಯದಶಮಿ ಬೆಳಿಗ್ಗೆ ಸುಮ್ಮನೆ ಒಂದು ಸಲ ಹನಿ ಬಿಟ್ಟು ನೋಡಿದ್ಲು. ಕೇಳಿ, ಇಲ್ಲೇ ಇರೋದು ಕಥೆ. ಹಳದಿ ಬಂತು.

ಬರದೆ ಏನು ಮಾಡತ್ತೆ? ವಿಷ ತಿನ್ನೋರು ಹೋಗಿದ್ರು, ಆದ್ರೆ ಹೊಸ ವಿಷ ಇನ್ನೂ ಹುಟ್ಟಿರ್ಲಿಲ್ಲ. ಮರಿ ಬಂದು ತಿಂದು ಎರಡು ಮೂರು ದಿನ ಆದ್ಮೇಲೆ ತಾನೇ ಗೊತ್ತಾಗೋದು. ಇವತ್ತು ಈ ನೀರು ಹೋದ್ರೆ ಮಾಸ್ಟರ್ ಮರಿ ಕೊಟ್ಟೇ ಕೊಡ್ತಾರೆ. ಸ್ಪಾಂಜು ತೊಳೆದಿದ್ದು ಅವರಿಗೆ ಹೇಗೆ ಗೊತ್ತಾಗತ್ತೆ? ಗೊತ್ತಿರೋದು ಇವಳೊಬ್ಬಳಿಗೆ. ಸುಮ್ಮನಿರದೆ ಹೇಳಿದ್ರೆ ಮರಿ ಸೀದಾ ಜಗನ್ನಾಥನ ಮನೆಗೆ.

ಬಾಟ್ಲಿಗೆ ನೀರು ತುಂಬ್ಕೊಂಡು ಹೊರಟ್ಲು. ದಾರಿ ಪೂರ್ತಿ ಮನಸ್ಸು ಒಂದೇ ಸಮ ಹೇಳ್ತಿತ್ತು, ಸುಮ್ಮನಿರು, ಸುಮ್ಮನಿರು, ಹೇಗೋ ಆಗತ್ತೆ.

ಅಂಗಡೀಲಿ ಜಗನ್ನಾಥ ಆಗಲೇ ಬಂದು ಕೂತಿದ್ದ. ಮಾಸ್ಟರ್ ಇಬ್ಬರ ನೀರಿಗೂ ಹನಿ ಬಿಟ್ರು. ಎರಡೂ ಹಳದಿ. ಮೊದಲು ಕೇಳಿದ್ದು ಈ ಅಮ್ಮ, ಈ ಅಮ್ಮನಿಗೇ ಅಂತ ಹೇಳಿ ಮಾಸ್ಟರ್ ಒಂದು ಪ್ಲಾಸ್ಟಿಕ್ ಬೇಸನ್ ಎತ್ಕೊಂಡ್ರು. ಈ ಮೀನಿಗೆ ಬಲೆ ಹಾಕಲ್ಲ, ಬಾಲದ ಮುಳ್ಳು ಸಿಕ್ಕಿಕೊಳ್ಳತ್ತೆ, ನೀರಿನ ಸಮೇತ ಮೊಗೀಬೇಕು. ಬೇಸನ್ ನಿಧಾನ ನೀರಿಗೆ ಇಳೀತು. ಅಂಗೈಯಷ್ಟಿರೋ ಮರಿ ಮರಳು ಕೊಡವಿ ಎದ್ದು ನೆರಿಗೆ ಆಡಿಸ್ತಾ ಬೇಸನ್ ಒಳಗೇ ಬಂತು. ವಿಶಾಲಾಕ್ಷಿಗೆ ನುಗ್ಗೆ ಮರದ ಬುಡ ನೆನಪಾಯ್ತು.

"ಬೇಡ ಮಾಸ್ಟರ್, ಬಿಟ್ಬಿಡಿ," ಅಂದ್ಲು. "ನಿನ್ನೆ ಪೂಜೆಗೆ ನಮ್ಮನೇಲಿ ಸ್ಪಾಂಜು ಬಿಸಿನೀರಲ್ಲಿ ತೊಳೆದುಬಿಟ್ಟಿದೀವಿ. ನನ್ನ ನೀರು ಪಾಸಾಯ್ತು. ಮರಿ ಉಳಿಯಲ್ಲ."

ಅತ್ತೆ ಹೆಸರು ಹೇಳ್ಲಿಲ್ಲ ನೋಡಿ. ತೊಳೆದುಬಿಟ್ಟಿದೀವಿ ಅಂದ್ಲು.

ಜಗನ್ನಾಥನಿಗೆ ಖುಷಿಯೋ ಖುಷಿ. ಹಾಗಾದ್ರೆ ನನಗೇ ಕೊಡಿ ಅಂತ ಎದ್ದೇಬಿಟ್ಟ. "ನಮ್ಮ ಫಿಲ್ಟರ್ ನೋಡ್ಬೇಕು ನೀವು. ನಿನ್ನೆ ಬೈಕ್ ಸರ್ವಿಸ್ ಮಾಡೋ ಕಡೆ ತಗೊಂಡು ಹೋಗಿ ಫೋರ್ಸಾಗಿ ನೀರು ಹೊಡೆಸಿದೀನಿ. ಹೊಸದರ ಥರ ಫಳಫಳ ಅಂತಿದೆ."

ಮಾಸ್ಟರ್ ಬೇಸನ್ ಓರೆ ಮಾಡಿದ್ರು. ಮರಿ ಜಾರ್ಕೊಂಡು ತಾಯಿ ಪಕ್ಕ ಹೋಗಿ ಮರಳಲ್ಲಿ ಕೂತ್ಬಿಡ್ತು. ಖಾಲಿ ಬೇಸನ್ ಮಗುಚಿ ಇಟ್ರು.

"ಇವತ್ತೇ ಬನ್ನಿ ಅಂತ ಯಾಕೆ ಹೇಳಿದ್ದು ಗೊತ್ತಾ?" ಅಂದ್ರು. "ಪ್ರತಿ ವರ್ಷ ಆಯುಧ ಪೂಜೆ ಆಗಿ ವಾರಕ್ಕೆ ನನ್ನ ಅಂಗಡಿಗೆ ಬರೋದೆಲ್ಲ ಮೀನು ಸತ್ತ ಸುದ್ದಿ. ಮರಿ ಕೈಗೆ ಕೊಡೋಕೆ ಮುಂಚೆ ಫಿಲ್ಟರ್ ತೊಳೆದ್ರಾ ಅಂತ ಕೇಳೋನಿದ್ದೆ, ನೀವೇ ಹೇಳಿದ್ರಿ. ನನ್ನ ಹೊಲಿಗೆ ಮಿಷಿನ್ನು ತೊಳೆದು ಹೂವು ಹಾಕಿದ್ರೆ ಇನ್ನೂ ಚೆನ್ನಾಗಿ ಓಡತ್ತೆ. ಫಿಲ್ಟರ್ರು ಮಿಷಿನ್ನಲ್ಲಪ್ಪ. ಅದರೊಳಗೆ ಸಂಸಾರ ಇರತ್ತೆ."

ಈಗಿನ ಲೆಕ್ಕಕ್ಕೆ ಇಬ್ಬರೂ ಒಂದೇ, ಇಬ್ಬರಿಗೂ ಮರಿ ಇಲ್ಲ, ಯಾರ ನೀರು ಮೊದಲು ಹಣ್ಣಾಗತ್ತೋ ಅವರಿಗೆ ಅಂತ ತೀರ್ಪು ಕೊಟ್ರು. ಆಮೇಲೆ ತಮ್ಮ ಹಳೇ ತೊಟ್ಟಿಯಿಂದ ಒಂದು ಸ್ಪಾಂಜು ತೆಗೆದು ಎರಡು ಕವರಿಗೆ ಹಿಂಡಿದ್ರು. ಕರೀ ಕಾಫಿ ಥರ ಬಗ್ಗಡ ಇಳೀತು. ಇದನ್ನ ನಿಮ್ಮ ಫಿಲ್ಟರಿಗೆ ಹುಯ್ದುಕೊಳ್ಳಿ, ಏಳು ವಾರದ ಕೆಲಸ ಮೂರು ವಾರಕ್ಕೆ ಆಗಬಹುದು ಅಂದ್ರು.

ಜಗನ್ನಾಥ ಮೂಗು ಮುರಿದ. ಕನ್ನಡಿ ಥರ ಇರೋ ನಮ್ಮ ತೊಟ್ಟಿಗೆ ಈ ಕೊಳೆ ಹುಯ್ಯೋದಾ ಅಂತ ಗೊಣಗ್ತಾ ಎದ್ದು ಹೋದ. ವಿಶಾಲಾಕ್ಷಿ ಎರಡೂ ಕವರು ಎರಡೂ ಕೈಲಿ ಹಿಡ್ಕೊಂಡು, ತೀರ್ಥ ಚೆಲ್ಲೀತು ಅನ್ನೋ ಹಾಗೆ ಹೆಜ್ಜೆ ಇಡ್ತಾ ಮನೆಗೆ ಬಂದ್ಲು.

ಮರಿ ತರದೆ ಬಂದ ಸೊಸೇನ ನೋಡಿ ಹೊನ್ನಮ್ಮನ ಮುಖ ಸಣ್ಣದಾಯ್ತು. ಮರಿ ಎಲ್ಲಿ ಅಂತ ಕೇಳಿದ್ರು. ಈಗ ಹೇಳಲೇಬೇಕಿತ್ತು. ವಿಶಾಲಾಕ್ಷಿ ಬೈಯದೆ, ಅಳದೆ, ಪಕ್ಕದಲ್ಲಿ ಕೂತು ಎಲ್ಲಾ ಹೇಳಿದ್ಲು. ಮುದುಕಿ ತಮ್ಮ ಸುಟ್ಟ ಬೆರಳು ನೋಡ್ಕೊಂಡ್ರು. ಆಮೇಲೆ ಕವರಿನ ಬಗ್ಗಡ ನೋಡಿದ್ರು.

"ಅಂದ್ರೆ ನಾನು ಹೆಪ್ಪಿನ ಬಟ್ಲು ತೊಳೆದು ಬೋರಲು ಹಾಕಿದೆ ಅನ್ನು," ಅಂದ್ರು.

"ಹೂಂ ಅತ್ತೆ."

"ಇದು ಯಾರದೋ ಮನೆಯಿಂದ ತಂದ ಹೆಪ್ಪು."

"ಹೂಂ."

"ಮತ್ತೆ ಕೂತ್ಕೊಂಡಿದೀಯಲ್ಲ. ಏಳು, ಆರೋಗೋಕೆ ಮುಂಚೆ ಹುಯ್ಯಿ."

ಮೊದಲ ದಿನದಿಂದ ಮತ್ತೆ ಶುರು. ಈ ಸಲ ಖಾಲಿ ತೊಟ್ಟಿಗೆ ಊಟ ಹಾಕ್ತಿದ್ದಿದ್ದು ಹೊನ್ನಮ್ಮ. ಹನಿ ಬಿಡ್ತಿದ್ದಿದ್ದೂ ಅವರೇ. ಕನ್ನಡಕ ಹಾಕ್ಕೊಂಡು, ಕೊಳವೇನ ಬಿಸಿಲಿಗೆ ಹಿಡಿದು, ಇನ್ನೂ ಹಸಿರು ಕಣೆ ಅಂತ ಮಿಲ್ಲಿಗೆ ಕೇಳೋ ಹಾಗೆ ಕೂಗೋರು. ರಾಗಿ ಹೆಂಗಸರು ಮತ್ತೆ ಕುಲಾವಿ ಮಾತು ತೆಗೆದಾಗ ಅವರೇ ಉತ್ತರ ಕೊಟ್ರು. ಹಾಲು ಕಾಯಿಸಿ ಹೆಪ್ಪು ಹಾಕದೆ ಬೆಳಿಗ್ಗೆ ಮೊಸರು ಹುಡುಕೋರು ನೀವು ಅಂದ್ರು.

ದೀಪಾವಳಿ ಹಿಂದಿನ ವಾರ ಹಳದಿ ಬಂತು. ಊಟ ಹಾಕಿದ್ರೂ ಹಳದಿ, ಮಾರನೇ ದಿನ ಒಂದು ಚಿಟಿಕೆ ಹೆಚ್ಚು ಹಾಕಿದ್ರೂ ಹಳದಿ, ಏಳು ದಿನ ಹಳದಿ. ಜಗನ್ನಾಥ ಅಷ್ಟು ಹೊತ್ತಿಗೆ ಕಾಯೋಕಾಗದೆ ತನ್ನ ತೊಟ್ಟೀಲಿ ಪ್ಲಾಸ್ಟಿಕ್ ಗಿಡ ಇಟ್ಕೊಂಡಿದ್ದ. ಬಲಿಪಾಡ್ಯಮಿ ದಿನ ಗೌಸ್ ಮಾಸ್ಟರ್ ತಾವೇ ಬಕೆಟ್ಟಲ್ಲಿ ಮರಿ ತಂದು ಬಿಟ್ರು. ಅದು ಒಂದು ಸುತ್ತು ಹಾಕ್ತು, ಮರಳಿಗೆ ಇಳೀತು, ಮೈಮೇಲೆ ಮರಳು ಹೊದ್ದುಕೊಂಡು ಬರೀ ಎರಡು ಕಣ್ಣು ಹೊರಗಿಟ್ಟು ಕೂತ್ಕೊಳ್ತು. ಆರನೇ ದಿನ ವಿಶಾಲಾಕ್ಷಿ ಮಿಲ್ಲೇ ತೆಗೀಲಿಲ್ಲ, ತೊಟ್ಟಿ ಮುಂದೇನೇ ಕೂತಿದ್ಲು. ಮೈಯಂಚು ಸುರುಟ್ಲಿಲ್ಲ. ನೆರಿಗೆ ಥರ ಏಳ್ತಿತ್ತು, ಬೀಳ್ತಿತ್ತು. ಏಳನೇ ದಿನ ಮಿಲ್ಲು ತೆಗೆದ್ಲು.

ಮುಂದಿನ ವರ್ಷದ ಆಯುಧ ಪೂಜೇಲಿ ಹೊನ್ನಮ್ಮ ಮಿಲ್ಲಿನ ಕಲ್ಲು ತೊಳೆದ್ರು, ಮೋಟ್ರು ಒರೆಸಿದ್ರು, ತಕ್ಕಡಿ ಉಜ್ಜಿದ್ರು. ಫಿಲ್ಟರ್ ಮುಂದೆ ಬಂದು ನಿಂತು, ಮುಚ್ಚಳದ ಮೇಲೆ ಒಂದೇ ಒಂದು ಚೆಂಡುಹೂವು ಇಟ್ಟು, ಕೈ ಮುಗಿದು, ಕೈ ಹಿಂದಕ್ಕೆ ಕಟ್ಕೊಂಡು ಹೋದ್ರು.

ನೀತಿ: ಫಳಫಳ ಹೊಳೆಯೋದೆಲ್ಲ ತಯಾರಾಗಿರಲ್ಲ. ಒಂದು ಜೀವವನ್ನ ಮನೆಗೆ ಕರೆಯೋಕೆ ಮುಂಚೆ ಅದರ ಜಾಗ ಹಣ್ಣಾಗೋವರೆಗೂ ಕಾಯಬೇಕು. ಪರೀಕ್ಷೆ ಪಾಸಾದ್ರೂ ಮನಸ್ಸಿಗೆ ಗೊತ್ತಿರೋ ತಪ್ಪನ್ನ ಒಪ್ಕೊಂಡು, ಮೊದಲ ದಿನದಿಂದ ಮತ್ತೆ ಶುರು ಮಾಡೋ ಹಠ ಇದ್ದೋರ ಕೈಲೇ ಜೀವ ಉಳಿಯೋದು.